ಲಾಠಿಯ ಲೆಕ್ಕ ಕೇಳುವವರು ಯಾರು?

2001ರಿಂದ 2020ರವರೆಗೆ ದೇಶದಲ್ಲಿ ಪೊಲೀಸರ ವಶದಲ್ಲಿದ್ದಾಗ ಪ್ರಾಣ ಬಿಟ್ಟವರು 1,888 ಮಂದಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಗಳನ್ನು ಕೂಡಿಸಿದಾಗ ಸಿಗುವ ಲೆಕ್ಕ ಇದು. ಈ ಸಾವುಗಳಿಗಾಗಿ ಪೊಲೀಸರ ಮೇಲೆ ದಾಖಲಾದ ಪ್ರಕರಣಗಳು 893. ಆರೋಪಪಟ್ಟಿ ಸಲ್ಲಿಕೆಯಾದದ್ದು 358 ಪೊಲೀಸರ ಮೇಲೆ. ಶಿಕ್ಷೆಯಾದದ್ದು 26 ಮಂದಿಗೆ. ಸತ್ತವರೆಲ್ಲ ಏಟು ತಿಂದೇ ಸತ್ತರೆಂದು ಯಾರೂ ಹೇಳಲಾರರು. ಕಾಯಿಲೆಯಿಂದ ಸತ್ತವರಿದ್ದಾರೆ, ಆತ್ಮಹತ್ಯೆ ಮಾಡಿಕೊಂಡರೆಂದು ದಾಖಲಾದವರೂ ಇದ್ದಾರೆ. ಆದರೆ ಲಾಕಪ್ಪಿನಲ್ಲಿರುವ ಮನುಷ್ಯನ ಊಟ, ಔಷಧ, ಉಸಿರು ಎಲ್ಲವೂ ಸರ್ಕಾರದ ಹೊಣೆ. ಅವನು ಹೇಗೆ ಸತ್ತ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರೂ, ಆ ಉತ್ತರಕ್ಕೆ ಬೇಕಾದ ಸಾಕ್ಷ್ಯ ಕಲೆಹಾಕುವವರೂ ಒಂದೇ ಇಲಾಖೆಯವರಾದರೆ ಶಿಕ್ಷೆಯ ಅಂಕಿ 26ಕ್ಕೆ ನಿಲ್ಲುವುದು ಅಚ್ಚರಿಯಲ್ಲ.

ಪೊಲೀಸ್ ಸುಧಾರಣೆ ಎಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಚರ್ಚೆಯಾಗುವುದು ಹೊಸ ವಾಹನ, ಹೊಸ ಠಾಣೆ, ಸಿಸಿ ಟಿ.ವಿ ಕ್ಯಾಮೆರಾ, ಖಾಲಿ ಹುದ್ದೆ, ವೇತನ ಪರಿಷ್ಕರಣೆ. ಇವೆಲ್ಲ ಬೇಕಾದವೇ. ಆದರೆ ಇವೆಲ್ಲ ದಕ್ಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಪೊಲೀಸರು ತಮ್ಮ ಅಧಿಕಾರವನ್ನು ಬಳಸಿದ ರೀತಿಗೆ ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ? ಇವತ್ತಿನ ಸ್ಥಿತಿ ಹೀಗಿದೆ. ಠಾಣಾಧಿಕಾರಿ ಒಂದು ಕೆಲಸಕ್ಕೆ ಕೈಹಾಕುವ ಮೊದಲು ‘ಇಂಥವರನ್ನು ಬಿಡಿ, ಇಂಥವರನ್ನು ಹಿಡಿಯಿರಿ’ ಎನ್ನುವವರು ಬೇಕಾದಷ್ಟಿದ್ದಾರೆ. ಶಾಸಕರಿದ್ದಾರೆ, ಮಂತ್ರಿಯ ಕಚೇರಿಯಿದೆ, ಊರಿನ ಹಣವಂತರಿದ್ದಾರೆ. ಕೆಲಸ ಮುಗಿದ ಮೇಲೆ ‘ಹೀಗೇಕೆ ಮಾಡಿದಿರಿ, ದಾಖಲೆ ತೋರಿಸಿ’ ಎಂದು ಕೇಳುವ ಸ್ವತಂತ್ರ ವ್ಯವಸ್ಥೆ ಮಾತ್ರ ಇಲ್ಲ. ಪ್ರಜಾಪ್ರಭುತ್ವದಲ್ಲಿ ಇದು ಪೂರ್ತಿ ತಿರುಗುಮುರುಗಾಗಿರಬೇಕು. ಯಾರನ್ನು ಬಂಧಿಸಬೇಕು, ಯಾರ ಮೇಲೆ ಪ್ರಕರಣ ದಾಖಲಿಸಬೇಕು ಎಂದು ಮೊದಲೇ ಹೇಳುವ ಹಕ್ಕು ಯಾರಿಗೂ ಇರಬಾರದು. ಮಾಡಿದ ಮೇಲೆ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇರಬೇಕು. ಈ ಕ್ರಮವನ್ನು ಸರಿಪಡಿಸದೆ ಮಾಡುವ ಯಾವ ಸುಧಾರಣೆಯೂ ನಿಲ್ಲುವುದಿಲ್ಲ.

ಐರ್ಲೆಂಡಿನಿಂದ ಬಂದ ಮಾದರಿ

ಈ ಕ್ರಮ ಹೀಗೇಕಿದೆ ಎಂದು ತಿಳಿಯಲು ಇತಿಹಾಸ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಬಳಿ ಎರಡು ಬಗೆಯ ಪೊಲೀಸ್ ಮಾದರಿಗಳಿದ್ದವು. 1829ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಪಡೆ ಸಾಮಾನ್ಯವಾಗಿ ಆಯುಧವಿಲ್ಲದೆ ಬೀದಿ ಸುತ್ತುತ್ತಿತ್ತು. ಜನರ ಒಪ್ಪಿಗೆಯಿಂದ ನಡೆಯಬೇಕು ಎಂಬುದು ಅದರ ಆದರ್ಶ. ಐರ್ಲೆಂಡಿನಲ್ಲಿ ಕಟ್ಟಿದ ಕಾನ್‌ಸ್ಟೆಬ್ಯುಲರಿ ಬೇರೆಯೇ ಬಗೆಯದು. ಬಂದೂಕು ಹಿಡಿದು ಬ್ಯಾರಕ್‌ನಲ್ಲಿ ವಾಸಿಸುತ್ತಿದ್ದ, ಮೇಲಿನವರಿಗೆ ಮಾತ್ರ ಉತ್ತರ ಕೊಡುತ್ತಿದ್ದ ಪಡೆ ಅದು. ಆಳುವವರನ್ನು ಒಪ್ಪದ ಜನರನ್ನು ಹದ್ದುಬಸ್ತಿನಲ್ಲಿಡುವುದು ಅದರ ಕೆಲಸ. 1843ರಲ್ಲಿ ಸಿಂಧ್ ಪ್ರಾಂತ್ಯವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಪೊಲೀಸ್ ಪಡೆ ಕಟ್ಟಲು ಆರಿಸಿಕೊಂಡದ್ದು ಐರ್ಲೆಂಡಿನ ಮಾದರಿಯನ್ನು. 1857ರ ದಂಗೆಯ ನಂತರ, 1860ರಲ್ಲಿ ಪೊಲೀಸ್ ಆಯೋಗ ಕೂತು 1861ರಲ್ಲಿ ಪೊಲೀಸ್ ಕಾಯ್ದೆ ಬಂದಾಗ ಬ್ರಿಟಿಷ್ ಭಾರತದ ಬಹುಭಾಗಕ್ಕೆ ಅದೇ ಗಟ್ಟಿಯಾಯಿತು. ಜನ ಆಳಿಸಿಕೊಳ್ಳುವವರು, ಪೊಲೀಸರು ಆಳುವವರ ಕೈ ಎಂಬ ನಂಬಿಕೆಯೇ ಆ ಕಾಯ್ದೆಯ ತಳಪಾಯ. ಹೀಗಾಗಿ ಅದರಲ್ಲಿ ಜನರಿಗೆ ಲೆಕ್ಕ ಒಪ್ಪಿಸುವ ಮಾತೇ ಇರಲಿಲ್ಲ.

ಪೊಲೀಸರ ಕೈಯಲ್ಲಿ ಏನಾಗುತ್ತಿದೆ ಎಂಬುದು ಬ್ರಿಟಿಷರಿಗೆ ತಿಳಿಯದ ವಿಷಯವಾಗಿರಲಿಲ್ಲ. ಕಾಯ್ದೆ ಬರುವ ಮೊದಲೇ, 1855ರಲ್ಲಿ, ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆಯ ದೂರುಗಳನ್ನು ಪರಿಶೀಲಿಸಲು ನೇಮಿಸಿದ್ದ ಆಯೋಗ ತನ್ನ ವರದಿ ಕೊಟ್ಟಿತ್ತು. ಆಗ ಕೆನರಾ, ಬಳ್ಳಾರಿಗಳೂ ಆ ಪ್ರಾಂತ್ಯದ ಜಿಲ್ಲೆಗಳೇ. ಕಂದಾಯ ವಸೂಲಿಗೂ ಅಪರಾಧ ಒಪ್ಪಿಸುವುದಕ್ಕೂ ಹಿಂಸೆ ಬಳಕೆಯಾಗುತ್ತಿದೆ ಎಂದು ಆಯೋಗ ಖಚಿತವಾಗಿ ಹೇಳಿತು. ಬೆರಳುಗಳನ್ನು ಮರದ ಹಲಗೆಗಳ ನಡುವೆ ಸಿಕ್ಕಿಸಿ ಹಿಸುಕುವ ‘ಕಿಟ್ಟಿ’, ಮನುಷ್ಯನನ್ನು ಬಗ್ಗಿಸಿ ಹಗ್ಗದಿಂದ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವ ಶಿಕ್ಷೆ ಎಲ್ಲವೂ ಆ ವರದಿಯಲ್ಲಿ ದಾಖಲಾಗಿವೆ. ಇದರ ಬೆನ್ನಿಗೇ ಬಂದ 1861ರ ಅಪರಾಧ ಪ್ರಕ್ರಿಯಾ ಸಂಹಿತೆ, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪುವಂತಿಲ್ಲ ಎಂಬ ನಿಯಮ ತಂದಿತು. 1872ರ ಸಾಕ್ಷ್ಯ ಕಾಯ್ದೆ ಅದನ್ನೇ ಉಳಿಸಿಕೊಂಡಿತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಇದೆ. ಅಂದರೆ ನೂರಾ ಅರವತ್ತು ವರ್ಷಗಳಿಂದ ನಮ್ಮ ಕಾನೂನು ಠಾಣೆಯೊಳಗೆ ಹೊಮ್ಮಿದ ಮಾತನ್ನು ನಂಬುತ್ತಿಲ್ಲ. ಆ ಮಾತು ಹೇಗೆ ಹೊಮ್ಮಿತು ಎಂದು ಕೇಳುವವರನ್ನೂ ನೇಮಿಸಿಲ್ಲ. ತಪ್ಪೊಪ್ಪಿಗೆಯನ್ನು ತಳ್ಳಿಹಾಕಿ, ಏಟನ್ನು ಹಾಗೇ ಬಿಟ್ಟಿದೆ.

ಏಳು ಸೂಚನೆಗಳ ಗತಿ

ಸ್ವಾತಂತ್ರ್ಯ ಬಂದ ಮೇಲೆ ಹಲವು ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡವು. ಕರ್ನಾಟಕದ ಕಾಯ್ದೆ 1963ರದು. ಒಡೆಯರು ಬದಲಾದರೇ ಹೊರತು ಒಡೆತನದ ರೀತಿ ಬದಲಾಗಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಪೊಲೀಸರನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದು ದೇಶಕ್ಕೆ ಗೊತ್ತಾದ ಮೇಲೆ, 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ರಚನೆಯಾಯಿತು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರ ಅದರ ಅಧ್ಯಕ್ಷರು. 1979ರಿಂದ 1981ರ ನಡುವೆ ಆಯೋಗ ಎಂಟು ವರದಿಗಳನ್ನು ಕೊಟ್ಟಿತು. ಅವು ಕಪಾಟು ಸೇರಿದವು. ಉತ್ತರ ಪ್ರದೇಶದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಹತ್ತು ವರ್ಷಗಳ ನಂತರ, 2006ರ ಸೆಪ್ಟೆಂಬರ್ 22ರಂದು, ಕೋರ್ಟ್ ಏಳು ಸೂಚನೆಗಳನ್ನು ಕೊಟ್ಟಿತು: ಸರ್ಕಾರದ ಅನುಚಿತ ಒತ್ತಡ ತಡೆಯಲು ರಾಜ್ಯ ಭದ್ರತಾ ಆಯೋಗ, ಡಿಜಿಪಿ ಆಯ್ಕೆಗೆ ನಿಯಮ, ಕ್ಷೇತ್ರದಲ್ಲಿರುವ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿ, ತನಿಖೆ ಹಾಗೂ ಕಾನೂನು ಸುವ್ಯವಸ್ಥೆ ಬೇರ್ಪಡಿಸುವುದು, ವರ್ಗಾವಣೆಗೆ ಪೊಲೀಸ್ ಸಿಬ್ಬಂದಿ ಮಂಡಳಿ, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ, ಕೇಂದ್ರದಲ್ಲಿ ರಾಷ್ಟ್ರೀಯ ಭದ್ರತಾ ಆಯೋಗ.

ಈ ಏಳರಲ್ಲಿ ಪತ್ರಿಕೆಗಳಲ್ಲೂ ವಿಧಾನಸಭೆಗಳಲ್ಲೂ ಸದ್ದು ಮಾಡುವುದು ಡಿಜಿಪಿ ನೇಮಕ ಮತ್ತು ವರ್ಗಾವಣೆ. ಜನಸಾಮಾನ್ಯರ ಬದುಕಿಗೆ ನೇರವಾಗಿ ತಾಗುವುದು ದೂರು ಪ್ರಾಧಿಕಾರ. ಡಿವೈಎಸ್‌ಪಿ ಹಾಗೂ ಅದಕ್ಕಿಂತ ಕೆಳಗಿನವರ ಮೇಲಿನ ದೂರನ್ನು ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಜಿಲ್ಲಾ ಪ್ರಾಧಿಕಾರ ಕೇಳಬೇಕು, ಎಸ್‌ಪಿ ಹಾಗೂ ಅದಕ್ಕಿಂತ ಮೇಲಿನವರ ಮೇಲಿನ ದೂರನ್ನು ನಿವೃತ್ತ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನೇತೃತ್ವದ ರಾಜ್ಯ ಪ್ರಾಧಿಕಾರ ಕೇಳಬೇಕು ಎಂದು ಕೋರ್ಟ್ ಹೇಳಿತ್ತು. ಕ್ಷೇತ್ರಕ್ಕೆ ಹೋಗಿ ವಿಚಾರಿಸಲು ಪ್ರಾಧಿಕಾರಕ್ಕೆ ತನ್ನದೇ ಸಿಬ್ಬಂದಿ ಇರಬಹುದು, ಅದರ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಎಂದೂ ಹೇಳಿತ್ತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಸಂಸ್ಥೆಗಳಿಗೆ ಕಾನೂನಿನಲ್ಲಿ ಜಾಗ ಮಾಡಿತು. ಆದರೆ ದೇಶದ ಬಹುತೇಕ ರಾಜ್ಯಗಳಲ್ಲಿ ಆದದ್ದು ಒಂದೇ. ಸದಸ್ಯರ ಆಯ್ಕೆ ಸರ್ಕಾರದ ಕೈಯಲ್ಲೇ ಉಳಿಯಿತು, ಕೆಲವೆಡೆ ಸೇವೆಯಲ್ಲಿರುವ ಅಧಿಕಾರಿಗಳೇ ಸದಸ್ಯರಾದರು. ತನಿಖಾ ಸಿಬ್ಬಂದಿ ಬರಲಿಲ್ಲ. ಪಾಲಿಸಲೇಬೇಕಾದ ಶಿಫಾರಸು ಪರಿಗಣಿಸಬಹುದಾದ ಶಿಫಾರಸಾಯಿತು. ಠಾಣೆಯಲ್ಲಿ ಹೊಡೆತ ತಿಂದ ಕೂಲಿ ಕಾರ್ಮಿಕನಿಗೆ ತನ್ನ ಜಿಲ್ಲೆಯಲ್ಲಿ ಇಂಥದ್ದೊಂದು ಪ್ರಾಧಿಕಾರವಿದೆ ಎಂಬುದೇ ಗೊತ್ತಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆಯೇ.

ಸಾತ್ತಾನ್‌ಕುಳಂ ಹೇಳುವುದೇನು

ಸ್ವತಂತ್ರ ತನಿಖೆ ಇಲ್ಲದಾಗ ಬೇರೆಲ್ಲ ರಕ್ಷಣೆಗಳು ಹೇಗೆ ಒಂದೊಂದಾಗಿ ಕಳಚಿಬೀಳುತ್ತವೆ ಎಂಬುದಕ್ಕೆ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂ ಸಾಕ್ಷಿ. 2020ರ ಜೂನ್‌ನಲ್ಲಿ, ಲಾಕ್‌ಡೌನ್‌ನ ವೇಳೆಯ ಮಿತಿ ಮೀರಿ ಅಂಗಡಿ ತೆರೆದಿದ್ದರು ಎಂಬ ಆರೋಪದ ಮೇಲೆ ಅಲ್ಲಿನ ಪೊಲೀಸರು ತಂದೆ ಮತ್ತು ಮಗನನ್ನು ಠಾಣೆಗೆ ಕರೆದೊಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ಸತ್ತರು. ಬಂಧನ ಪತ್ರ, ವೈದ್ಯಕೀಯ ತಪಾಸಣೆ, ಸಂಬಂಧಿಕರಿಗೆ ತಿಳಿಸುವುದು ಇವೆಲ್ಲ ಕಡ್ಡಾಯವೆಂದು ಡಿ.ಕೆ.ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. ಇಲ್ಲಿ ವೈದ್ಯರೂ ಇದ್ದರು, ರಿಮಾಂಡಿಗೆ ಕಳಿಸಿದ ಮ್ಯಾಜಿಸ್ಟ್ರೇಟರೂ ಇದ್ದರು, ಜೈಲೂ ಇತ್ತು. ಯಾರೂ ಅವರನ್ನು ಉಳಿಸಲಿಲ್ಲ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಸೂಚನೆಯಂತೆ ವಿಚಾರಣೆಗೆ ಠಾಣೆಗೆ ಹೋದ ಕೋವಿಲ್‌ಪಟ್ಟಿಯ ನ್ಯಾಯಾಂಗ ಮ್ಯಾಜಿಸ್ಟ್ರೇಟರಿಗೇ ಪೊಲೀಸರು ಸಹಕರಿಸಲಿಲ್ಲ. ಸಿಸಿ ಟಿ.ವಿ ಇತ್ತು, ಆದರೆ ದೃಶ್ಯಗಳು ದಿನದಿನವೂ ತಾನಾಗಿ ಅಳಿಸಿಹೋಗುವಂತೆ ಅದನ್ನು ಹೊಂದಿಸಿಡಲಾಗಿತ್ತು. ಕೊನೆಗೆ ಹೈಕೋರ್ಟ್, ಸಾಕ್ಷ್ಯ ಉಳಿಸಲು ಪೊಲೀಸ್ ಠಾಣೆಯನ್ನೇ ಕಂದಾಯ ಅಧಿಕಾರಿಗಳ ಸುಪರ್ದಿಗೆ ಕೊಡಬೇಕಾಯಿತು.

ಇದೇ ಪ್ರಕರಣದ ಇನ್ನೆರಡು ಸಂಗತಿಗಳನ್ನು ಮರೆಯಬಾರದು. ರಾತ್ರಿಯಿಡೀ ನಡೆದ ಹಲ್ಲೆಯ ಬಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟವರು ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಅವರು ಹೆದರುತ್ತಲೇ ಹೇಳಿಕೆ ಕೊಟ್ಟರು, ನಂತರ ಕೋರ್ಟೇ ಅವರ ರಕ್ಷಣೆಗೆ ಆದೇಶಿಸಬೇಕಾಯಿತು. ಸತ್ಯ ಹೇಳಬಯಸುವ ಪೊಲೀಸರು ಪ್ರತಿ ಠಾಣೆಯಲ್ಲೂ ಇದ್ದಾರೆ. ಅವರಿಗೆ ಹೋಗಿ ಹೇಳಲು ಇಲಾಖೆಯ ಹೊರಗೊಂದು ಜಾಗವಿಲ್ಲ. ಇನ್ನೊಂದು ಸಂಗತಿ: ತಮಿಳುನಾಡಿನಲ್ಲಿ 1993ರಿಂದ ‘ಫ್ರೆಂಡ್ಸ್ ಆಫ್ ಪೊಲೀಸ್’ ಎಂಬ ಜನಸ್ನೇಹಿ ಯೋಜನೆ ನಡೆದಿತ್ತು. ಸಾತ್ತಾನ್‌ಕುಳಂ ಹಲ್ಲೆಯಲ್ಲಿ ಅದರ ಸ್ವಯಂಸೇವಕರ ಪಾತ್ರವೂ ಇತ್ತೆಂಬ ಆರೋಪ ಬಂತು. ಸಂಘಟನೆ ಆರೋಪವನ್ನು ನಿರಾಕರಿಸಿತು, ಸರ್ಕಾರ ಮರುತಿಂಗಳೇ ಆ ಯೋಜನೆಯನ್ನು ನಿಷೇಧಿಸಿತು. ಆರೋಪದ ಸತ್ಯಾಸತ್ಯ ಏನೇ ಇರಲಿ, ಪೊಲೀಸರ ಸ್ನೇಹಿತರಾಗುವುದೂ ಪೊಲೀಸರಿಂದ ಲೆಕ್ಕ ಕೇಳುವುದೂ ಒಂದೇ ಅಲ್ಲ ಎಂಬುದು ಸ್ಪಷ್ಟವಾಯಿತು. ಕರ್ನಾಟಕದಲ್ಲಿ 2017ರಲ್ಲಿ ಜಾರಿಗೆ ಬಂದ ಸುಧಾರಿತ ಬೀಟ್ ವ್ಯವಸ್ಥೆ, 2025ರಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಎರಡೂ ಒಳ್ಳೆಯ ಹೆಜ್ಜೆಗಳು. ಪೊಲೀಸರು ಮನೆಬಾಗಿಲಿಗೆ ಬಂದು ಕಷ್ಟ ಕೇಳುವುದರಿಂದ ಭಯ ಕಡಿಮೆಯಾಗುತ್ತದೆ. ಆದರೆ ಕಷ್ಟ ಬಂದದ್ದೇ ಪೊಲೀಸರಿಂದಾದರೆ ಅದನ್ನು ಅದೇ ಬೀಟ್ ಪೊಲೀಸರಿಗೆ ಯಾರು ತಾನೇ ಹೇಳುತ್ತಾರೆ?

ಮಾದರಿ ಮುರಿದು ಕಟ್ಟಿದವರು

ನಮ್ಮ ಪೊಲೀಸ್ ವ್ಯವಸ್ಥೆಯ ತವರಾದ ಐರ್ಲೆಂಡ್ ದ್ವೀಪದಲ್ಲೇ ಆ ಹಳೆಯ ಮಾದರಿಯನ್ನು ಮುರಿದು ಹೊಸದು ಕಟ್ಟಿದ್ದಾರೆ ಎಂಬುದು ನಾವು ಗಮನಿಸಲೇಬೇಕಾದ ವಿಚಾರ. ಐರಿಶ್ ಕಾನ್‌ಸ್ಟೆಬ್ಯುಲರಿಯ ಉತ್ತರಾಧಿಕಾರಿಯಾಗಿ 1922ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದ್ದು ರಾಯಲ್ ಅಲ್‌ಸ್ಟರ್ ಕಾನ್‌ಸ್ಟೆಬ್ಯುಲರಿ. ಬಹುಪಾಲು ಪ್ರಾಟೆಸ್ಟೆಂಟರೇ ತುಂಬಿದ್ದ ಆ ಪಡೆಯನ್ನು ಕ್ಯಾಥೊಲಿಕ್ ಸಮುದಾಯ ತನ್ನದೆಂದು ಎಂದೂ ಒಪ್ಪಲಿಲ್ಲ. 1960ರ ದಶಕದ ಕೊನೆಯಲ್ಲಿ ಶುರುವಾಗಿ ಮೂರು ದಶಕ ನಡೆದ ಸಂಘರ್ಷದಲ್ಲಿ ಆ ಪಡೆಯ 300ಕ್ಕೂ ಹೆಚ್ಚು ಮಂದಿ ಕೊಲೆಯಾದರು. ಪೊಲೀಸರ ಮೇಲೂ ಚಿತ್ರಹಿಂಸೆ, ಪಕ್ಷಪಾತ, ಹಂತಕರ ಜೊತೆ ಕೈಜೋಡಿಸಿದ ಆರೋಪಗಳಿದ್ದವು. 1998ರ ಶಾಂತಿ ಒಪ್ಪಂದದ ಭಾಗವಾಗಿ ಕ್ರಿಸ್ ಪ್ಯಾಟನ್ ಅಧ್ಯಕ್ಷತೆಯ ಆಯೋಗ ರಚನೆಯಾಗಿ, 1999ರ ಸೆಪ್ಟೆಂಬರ್‌ನಲ್ಲಿ 175 ಶಿಫಾರಸುಗಳನ್ನು ಕೊಟ್ಟಿತು. 2001ರ ನವೆಂಬರ್‌ನಲ್ಲಿ ಹಳೆಯ ಪಡೆಯ ಹೆಸರು ಬದಲಾಗಿ ಹೊಸ ಪೊಲೀಸ್ ಸೇವೆ ಬಂತು. ಹತ್ತು ವರ್ಷಗಳ ಕಾಲ ನೇಮಕಾತಿಯಲ್ಲಿ ಕ್ಯಾಥೊಲಿಕರಿಗೆ ಅರ್ಧ ಪಾಲು ಮೀಸಲಾಯಿತು. ಶೇ 8ರ ಆಸುಪಾಸಿನಲ್ಲಿದ್ದ ಅವರ ಪ್ರಮಾಣ 2011ರ ವೇಳೆಗೆ ಶೇ 30ರ ಹತ್ತಿರ ಬಂತು.

ಪ್ಯಾಟನ್ ವರದಿಯ ತಿರುಳು ಇರುವುದು ಅದು ಬಿಡಿಸಿದ ಒಂದು ತೊಡಕಿನಲ್ಲಿ. ಪೊಲೀಸ್ ಮುಖ್ಯಸ್ಥರಿಗೆ ಸ್ವಾತಂತ್ರ್ಯ ಬೇಕು, ಆದರೆ ಸ್ವಾತಂತ್ರ್ಯವೆಂದರೆ ಪ್ರಶ್ನೆಗೆ ಅತೀತರಾಗುವುದಲ್ಲ ಎಂದು ಆಯೋಗ ಹೇಳಿತು. ಕಾರ್ಯಾಚರಣೆಯ ನಿರ್ಧಾರ ಮುಖ್ಯಸ್ಥರದೇ, ಅದನ್ನು ಹೀಗೇ ಮಾಡಿ ಎಂದು ಯಾವ ಮಂತ್ರಿಯೂ ಆದೇಶಿಸುವಂತಿಲ್ಲ. ಆದರೆ ನಿರ್ಧಾರ ಜಾರಿಯಾದ ಮೇಲೆ ಅದರ ಬಗ್ಗೆ ವಿವರ ಕೊಡುವುದು ಅವರ ಕರ್ತವ್ಯ. ವಿವರ ಕೇಳಲು 19 ಸದಸ್ಯರ ಪೊಲೀಸ್ ಮಂಡಳಿ ಬಂತು. 10 ಮಂದಿ ಚುನಾಯಿತ ಪಕ್ಷಗಳವರು, 9 ಮಂದಿ ಸ್ವತಂತ್ರ ನಾಗರಿಕರು. ಯಾವ ಒಂದು ಪಕ್ಷವೂ ಒಂಟಿಯಾಗಿ ಪೊಲೀಸರನ್ನು ಆಳಲಾಗದ ರಚನೆ ಅದು. ಬಿಡಿ ದೂರುಗಳಿಗಾಗಿ 2000ದ ನವೆಂಬರ್‌ನಲ್ಲಿ ಪೊಲೀಸ್ ಒಂಬುಡ್ಸ್‌ಮನ್ ಕಚೇರಿ ತೆರೆಯಿತು. ಅದಕ್ಕೆ ತನ್ನದೇ ತನಿಖಾಧಿಕಾರಿಗಳಿದ್ದಾರೆ, ಅವರಿಗೆ ಬಂಧಿಸುವ, ಶೋಧಿಸುವ ಅಧಿಕಾರವಿದೆ. ಪೊಲೀಸರ ಕೈಯಲ್ಲಿ ಸಾವಾದರೆ, ಪೊಲೀಸರು ಗುಂಡು ಹಾರಿಸಿದರೆ ಯಾರೂ ದೂರು ಕೊಡದಿದ್ದರೂ ತನಿಖೆ ಆ ಕಚೇರಿಗೆ ಹೋಗುತ್ತದೆ. 19 ಲಕ್ಷದಷ್ಟು ಜನರಿರುವ ನಾಡಿನಲ್ಲಿ ವರ್ಷಕ್ಕೆ ಸುಮಾರು 3,000 ದೂರುಗಳು ಅಲ್ಲಿಗೆ ಬರುತ್ತವೆ.

ಮೊದಲ ಒಂಬುಡ್ಸ್‌ಮನ್ ನುವಾಲಾ ಓಲೋನ್, ಕಚೇರಿ ತೆರೆದ ಮರುವರ್ಷವೇ, 29 ಜನರನ್ನು ಬಲಿ ಪಡೆದ 1998ರ ಓಮಾ ಬಾಂಬ್ ಸ್ಫೋಟದ ಪೊಲೀಸ್ ತನಿಖೆಯನ್ನು ಕಟುವಾಗಿ ಟೀಕಿಸಿದ ವರದಿ ಕೊಟ್ಟರು. ಪೊಲೀಸ್ ಮುಖ್ಯಸ್ಥರು ಅದನ್ನು ಬಲವಾಗಿ ಅಲ್ಲಗಳೆದರು. 2007ರ ಜನವರಿಯಲ್ಲಿ ಓಲೋನ್ ಅವರೇ ಕೊಟ್ಟ ಇನ್ನೊಂದು ವರದಿ, ಪೊಲೀಸರ ಗುಪ್ತ ಮಾಹಿತಿದಾರರಾಗಿದ್ದ ಹಂತಕರನ್ನು ವಿಶೇಷ ಶಾಖೆಯ ಅಧಿಕಾರಿಗಳೇ ರಕ್ಷಿಸಿದ್ದರು ಎಂದು ಬಯಲು ಮಾಡಿತು. ಅದೇ ವರ್ಷ, ದಶಕಗಳಿಂದ ಪೊಲೀಸರನ್ನು ಶತ್ರುವೆಂದೇ ಕಂಡಿದ್ದ, ಕ್ಯಾಥೊಲಿಕ್ ಸಮುದಾಯದ ಬೆಂಬಲವಿದ್ದ ಶಿನ್ ಫೇನ್ ಪಕ್ಷ ಪೊಲೀಸ್ ಮಂಡಳಿಯಲ್ಲಿ ಕುಳಿತಿತು. ಇದು ಆಕಸ್ಮಿಕವಲ್ಲ. ಪೊಲೀಸರ ತಪ್ಪನ್ನು ಮುಚ್ಚಿಡದ ವ್ಯವಸ್ಥೆಯೊಂದಿದೆ ಎಂದು ಖಾತ್ರಿಯಾದಾಗಲೇ ಜನ ಪೊಲೀಸರನ್ನು ತಮ್ಮವರೆಂದು ಒಪ್ಪುತ್ತಾರೆ. ಅಲ್ಲಿಯೂ ಎಲ್ಲವೂ ಸುಗಮವಾಗಿರಲಿಲ್ಲ. 2011ರಲ್ಲಿ ಆ ಕಚೇರಿಯ ಸ್ವಾತಂತ್ರ್ಯವೇ ಕುಗ್ಗಿದೆ ಎಂದು ತಪಾಸಣಾ ವರದಿ ಹೇಳಿತು, ಬಳಿಕ ಆಗಿನ ಒಂಬುಡ್ಸ್‌ಮನ್ ಹುದ್ದೆ ಬಿಟ್ಟರು, ಕಚೇರಿಯನ್ನು ಮತ್ತೆ ಸರಿಪಡಿಸಬೇಕಾಯಿತು. ಇಂಥ ಸಂಸ್ಥೆಯನ್ನು ಒಮ್ಮೆ ಕಟ್ಟಿದರೆ ಸಾಲದು, ಕಾಯುತ್ತಲೂ ಇರಬೇಕು.

ಆಕ್ಷೇಪಗಳು, ಉತ್ತರಗಳು

ಮೊದಲ ಆಕ್ಷೇಪ, ಹೀಗೆ ಮಾಡಿದರೆ ಪೊಲೀಸರ ಮನೋಬಲ ಕುಗ್ಗುತ್ತದೆ ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಪೊಲೀಸ್ ಪಡೆಯಲ್ಲಿ ಬಹುಪಾಲು ಇರುವವರು ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳು. ಅವರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ ಎಂದು ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳ 2019ರ ಸಮೀಕ್ಷೆ ಕಂಡುಕೊಂಡಿತ್ತು. ಕರ್ನಾಟಕದಲ್ಲಿ 2016ರ ಜೂನ್‌ನಲ್ಲಿ ಪೊಲೀಸರು ಸಾಮೂಹಿಕ ರಜೆಯ ಕರೆ ಕೊಟ್ಟದ್ದೂ, ವೇತನ ಪರಿಷ್ಕರಣೆ ಕುರಿತ ಔರಾದ್ಕರ್ ವರದಿಯ ಜಾರಿಗೆ ವರ್ಷಗಟ್ಟಲೆ ಕಾದದ್ದೂ ಎಲ್ಲರಿಗೂ ನೆನಪಿದೆ. ಆದರೆ ಈಗಿರುವ ವ್ಯವಸ್ಥೆ ಅವರ ಮನೋಬಲ ಕಾಪಾಡುತ್ತಿದೆಯೇ? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮರುದಿನವೇ ನಗರ ಪೊಲೀಸ್ ಕಮಿಷನರ್ ಸೇರಿ ಐವರು ಪೊಲೀಸ್ ಅಧಿಕಾರಿಗಳನ್ನು ಸರ್ಕಾರ ಅಮಾನತು ಮಾಡಿತು. ಯಾವ ತನಿಖೆಯೂ ಆಗ ಮುಗಿದಿರಲಿಲ್ಲ. ಅವರಲ್ಲೊಬ್ಬರ ಅಮಾನತನ್ನು ಕೇಂದ್ರ ಆಡಳಿತ ನ್ಯಾಯಮಂಡಳಿ ರದ್ದುಪಡಿಸಿತು, ಇತರರ ಅಮಾನತನ್ನು ಕೆಲವೇ ವಾರಗಳಲ್ಲಿ ಸರ್ಕಾರವೇ ಹಿಂಪಡೆಯಿತು. ಜನರ ಸಿಟ್ಟು ಏರಿದಾಗ ಅಮಾನತು, ಸಿಟ್ಟು ಆರಿದಾಗ ವಾಪಸು. ಇದರಲ್ಲಿ ಸತ್ತವರ ಕುಟುಂಬಕ್ಕೆ ಉತ್ತರವೂ ಇಲ್ಲ, ಅಧಿಕಾರಿಗೆ ನ್ಯಾಯವೂ ಇಲ್ಲ. ತಪ್ಪು ಮಾಡಿದವರನ್ನು ಹೆಸರಿಸುವಷ್ಟೇ ಗಟ್ಟಿಯಾಗಿ, ತಪ್ಪು ಮಾಡದವರನ್ನು ನಿರ್ದೋಷಿಗಳೆಂದು ಸಾರುವ ಸ್ವತಂತ್ರ ಪ್ರಾಧಿಕಾರ ಪೊಲೀಸರಿಗೂ ರಕ್ಷಣೆಯೇ.

ಎರಡನೆಯ ಆಕ್ಷೇಪ, ಮಾನವ ಹಕ್ಕುಗಳ ಆಯೋಗ, ಲೋಕಾಯುಕ್ತ, ನ್ಯಾಯಾಲಯ, ಇಲಾಖಾ ವಿಚಾರಣೆ ಎಲ್ಲ ಇರುವಾಗ ಇನ್ನೊಂದೇಕೆ ಎಂಬುದು. ಮಾನವ ಹಕ್ಕುಗಳ ಆಯೋಗಕ್ಕೆ ಶಿಫಾರಸು ಮಾಡುವ ಅಧಿಕಾರವಷ್ಟೇ ಇದೆ. ಘಟನೆ ನಡೆದು ವರ್ಷ ಕಳೆದರೆ ಅದು ವಿಚಾರಣೆ ನಡೆಸುವಂತಿಲ್ಲ. ಅದರ ತನಿಖಾ ವಿಭಾಗದಲ್ಲಿ ಇರುವವರೂ ಪೊಲೀಸ್ ಅಧಿಕಾರಿಗಳೇ. ಲೋಕಾಯುಕ್ತದ ಮುಖ್ಯ ಗಮನ ಭ್ರಷ್ಟಾಚಾರದ ಕಡೆಗೆ, ಅದರ ಪೊಲೀಸರೂ ಎರವಲು ಸೇವೆಯ ಮೇಲೆ ಬಂದವರು. ನ್ಯಾಯಾಲಯದ ಹಾದಿ ದೀರ್ಘ, ಅದಕ್ಕೆ ಹಣವೂ ವಕೀಲರೂ ಬೇಕು. ಮೇಲಾಗಿ, ಕರ್ತವ್ಯದ ಭಾಗವಾಗಿ ಮಾಡಿದ ಕೃತ್ಯ ಎಂದಾದರೆ ವಿಚಾರಣೆಗೆ ಸರ್ಕಾರದ ಪೂರ್ವಾನುಮತಿ ಬೇಕು. ಇಲಾಖಾ ವಿಚಾರಣೆಯಲ್ಲಿ ನಿನ್ನೆಯ ಸಹೋದ್ಯೋಗಿ ಇವತ್ತಿನ ವಿಚಾರಣಾಧಿಕಾರಿ. ಇಷ್ಟೆಲ್ಲ ಬಾಗಿಲುಗಳಿದ್ದೂ ಇಪ್ಪತ್ತು ವರ್ಷಗಳಲ್ಲಿ 26 ಮಂದಿಗಷ್ಟೇ ಶಿಕ್ಷೆಯಾಗಿದೆ ಎಂಬುದೇ ಈ ಆಕ್ಷೇಪಕ್ಕೆ ಉತ್ತರ.

ಮೂರನೆಯದು ಅತಿ ಕಷ್ಟದ ಆಕ್ಷೇಪ. ಅದು ಬರುವುದು ಪೊಲೀಸರಿಂದಲ್ಲ, ಜನರಿಂದ. ಕೋರ್ಟು ಕಚೇರಿ ವರ್ಷಗಟ್ಟಲೆ ಎಳೆಯುವಾಗ ದುಷ್ಟರನ್ನು ಪೊಲೀಸರೇ ಮುಗಿಸಿದರೆ ತಪ್ಪೇನು ಎಂದು ಒಳ್ಳೆಯವರೂ ಕೇಳುತ್ತಾರೆ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂಮಳೆಗರೆದರು. ಸುಪ್ರೀಂ ಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್‌ಪುರ್‌ಕರ್ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದು 2022ರಲ್ಲಿ ಬಯಲಾದ ವರದಿಯಲ್ಲಿ ಹೇಳಿತು. 10 ಪೊಲೀಸರನ್ನು ಕೊಲೆ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕೆಂದು ಶಿಫಾರಸು ಮಾಡಿತು. ಜನರ ಆಕ್ರೋಶ ಸಹಜ, ಅದರ ಹಿಂದಿನ ನೋವು ನಿಜ. ಆದರೆ ಆರೋಪಿಗಳು ಸತ್ತ ಮೇಲೆ, ಅಪರಾಧ ಮಾಡಿದವರು ಅವರೇ ಹೌದೇ ಎಂಬ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ಪರೀಕ್ಷಿಸಲಾರದು. ಹಾಗಾಗಿ ಆ ಗುಂಡು ಮೊದಲು ಕೊಂದದ್ದು ಸಂತ್ರಸ್ತೆಯ ಕುಟುಂಬಕ್ಕೆ ಸಲ್ಲಬೇಕಾಗಿದ್ದ ಸತ್ಯವನ್ನು. ಮೇಲಾಗಿ, ಪ್ರಶ್ನೆಯಿಲ್ಲದೆ ಕೊಲ್ಲುವ ಅಧಿಕಾರವನ್ನು ಒಮ್ಮೆ ಕೊಟ್ಟರೆ ಅದು ದುಷ್ಟರ ಮೇಲಷ್ಟೇ ಬೀಳುತ್ತದೆ ಎಂಬ ಖಾತ್ರಿ ಇಲ್ಲ. ಸಾತ್ತಾನ್‌ಕುಳಂನಲ್ಲಿ ಸತ್ತವರ ಮೇಲಿದ್ದದ್ದು ಅಂಗಡಿ ಬಾಗಿಲು ಹಾಕಲಿಲ್ಲ ಎಂಬ ಆರೋಪ.

ನಾಲ್ಕನೆಯದು ಸುಳ್ಳು ದೂರಿನ ಭಯ. ರೌಡಿಗಳು, ರಾಜಕಾರಣಿಗಳು ದಕ್ಷ ಅಧಿಕಾರಿಯ ಮೇಲೆ ದೂರು ಜಡಿದು ಕಟ್ಟಿಹಾಕುತ್ತಾರೆ ಎನ್ನುತ್ತಾರೆ. ಅದು ಆಗಬಹುದು. ಪ್ರಾಥಮಿಕ ಹಂತದಲ್ಲೇ ಹುರುಳಿಲ್ಲದ ದೂರುಗಳನ್ನು ಕಾರಣ ಬರೆದು ಬೇಗ ಮುಗಿಸುವುದೇ ಅದಕ್ಕೆ ದಾರಿ. ಆದರೆ ಇವತ್ತು ದಕ್ಷ ಅಧಿಕಾರಿಯನ್ನು ಕಟ್ಟಿಹಾಕಲು ಯಾರಿಗೂ ದೂರಿನ ಅಗತ್ಯವೇ ಇಲ್ಲ, ಒಂದು ವರ್ಗಾವಣೆ ಆದೇಶ ಸಾಕು. ಕರ್ನಾಟಕದಲ್ಲಿ ಒಂದು ವರ್ಷವಿದ್ದ ಕನಿಷ್ಠ ಅವಧಿಯನ್ನು 2024ರಲ್ಲಿ ಎರಡು ವರ್ಷಕ್ಕೆ ಏರಿಸಿದ್ದು ಒಳ್ಳೆಯ ಬದಲಾವಣೆ. ಅದು ನಡೆಯುತ್ತದೆಯೇ ಎಂದು ನೋಡುವ ಹೊಣೆಯೂ ಹೊರಗಿನವರಿಗೆ ಇರಬೇಕು. ಅಧಿಕಾರಿಗೆ ಕುರ್ಚಿಯ ಭದ್ರತೆ, ಜನರಿಗೆ ಲೆಕ್ಕ ಕೇಳುವ ಹಕ್ಕು, ಇವೆರಡನ್ನೂ ಒಟ್ಟಿಗೇ ಕೊಡಬೇಕು. ಭದ್ರತೆಯೊಂದನ್ನೇ ಕೊಟ್ಟರೆ ಠಾಣೆ ಪಾಳೆಯಪಟ್ಟಾಗುತ್ತದೆ. ಲೆಕ್ಕವೊಂದನ್ನೇ ಕೇಳಿದರೆ ಬೇರೆಯವರ ಆದೇಶಕ್ಕೆ ತಲೆಬಾಗಿದ ಕಿರಿಯ ಅಧಿಕಾರಿ ಬಲಿಪಶುವಾಗುತ್ತಾನೆ.

ಕರ್ನಾಟಕ ಮಾಡಬಹುದಾದದ್ದು

ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. ಪೊಲೀಸ್ ರಾಜ್ಯಪಟ್ಟಿಯ ವಿಷಯ, 2012ರ ತಿದ್ದುಪಡಿ ಈಗಾಗಲೇ ಕಾನೂನಿನ ಪುಸ್ತಕದಲ್ಲಿದೆ. ಅದಕ್ಕೆ ಜೀವ ತುಂಬಲು ವಿಧಾನಸಭೆಯ ಒಂದು ಅಧಿವೇಶನ ಸಾಕು. ಸುಪ್ರೀಂ ಕೋರ್ಟ್ ಹೇಳಿದಂತೆ ಪ್ರತಿ ಜಿಲ್ಲೆಯ ಪ್ರಾಧಿಕಾರಕ್ಕೂ ನಿವೃತ್ತ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಲಿ, ಸೇವೆಯಲ್ಲಿರುವ ಯಾವ ಪೊಲೀಸ್ ಅಧಿಕಾರಿಯೂ ಸದಸ್ಯರಾಗುವುದು ಬೇಡ. ಸದಸ್ಯರನ್ನು ಆರಿಸುವ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರೂ ಇರಲಿ. ಪ್ರಾಧಿಕಾರಕ್ಕೆ ಸ್ವಂತ ತನಿಖಾಧಿಕಾರಿಗಳನ್ನು ಕೊಡಬೇಕು. ಪೊಲೀಸ್ ವಶದಲ್ಲಿ ಸಾವು, ಗಂಭೀರ ಗಾಯ, ಅತ್ಯಾಚಾರದ ಆರೋಪ, ಪೊಲೀಸರ ಗುಂಡಿನಿಂದ ಸಾವು ಇವಿಷ್ಟೂ ದೂರಿಗೆ ಕಾಯದೆ ತಾನಾಗಿ ಅದರ ಮುಂದೆ ಬರುವಂತಾಗಬೇಕು. ಶಿಫಾರಸನ್ನು ಸರ್ಕಾರ ಮೂರು ತಿಂಗಳೊಳಗೆ ಜಾರಿ ಮಾಡಬೇಕು. ಆಗದಿದ್ದರೆ ಕಾರಣವನ್ನು ಸದನದ ಮುಂದಿಡಬೇಕು. ಪ್ರತಿ ಠಾಣೆಯ ಹೊರಗೋಡೆಯ ಮೇಲೆ ಪ್ರಾಧಿಕಾರದ ವಿಳಾಸ, ಫೋನ್ ಸಂಖ್ಯೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿರಬೇಕು. ದೂರು ಕೊಟ್ಟವರಿಗೆ ಠಾಣೆಯ ಹಿಂಬರಹದ ಬದಲು ಪ್ರಾಧಿಕಾರದ ಸ್ವೀಕೃತಿ ಸಿಗಬೇಕು.

ಇದರ ಜೊತೆಗೆ ಇನ್ನೆರಡು ಕೆಲಸಗಳಿವೆ. ಠಾಣೆಯ ಎಲ್ಲ ಭಾಗಗಳಲ್ಲೂ ಧ್ವನಿಸಹಿತ ಸಿಸಿ ಟಿ.ವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ಆ ದೃಶ್ಯಗಳ ಒಂದು ಪ್ರತಿ ಠಾಣೆಯ ಹೊರಗೆ, ಪ್ರಾಧಿಕಾರದ ಸುಪರ್ದಿಯಲ್ಲಿರಬೇಕು. ಅಳಿಸುವ ಗುಂಡಿ ಆರೋಪ ಹೊತ್ತವರ ಕೈಯಲ್ಲಿದ್ದರೆ ಕ್ಯಾಮೆರಾದಿಂದ ಪ್ರಯೋಜನವಿಲ್ಲ. ಇನ್ನೊಂದು, ಠಾಣೆಗೆ ಬರುವ ಪ್ರತಿ ಶಿಫಾರಸು, ಪ್ರತಿ ಫೋನ್ ಕರೆ ಠಾಣಾ ದಿನಚರಿಯಲ್ಲಿ ಹೆಸರು, ಹೊತ್ತಿನ ಸಮೇತ ದಾಖಲಾಗಬೇಕು. ಹಾಗೆ ದಾಖಲಿಸಿದ ಸಿಬ್ಬಂದಿಗೆ ಪ್ರಾಧಿಕಾರ ರಕ್ಷಣೆ ಕೊಡಬೇಕು. ಮೇಲಧಿಕಾರಿಯ ಕಿರುಕುಳದ ವಿರುದ್ಧ ಕಾನ್‌ಸ್ಟೆಬಲ್ ಕೂಡ ಅಲ್ಲಿಗೆ ದೂರು ಕೊಡುವಂತಾಗಬೇಕು. ಈ ಸಂಸ್ಥೆಯನ್ನು ಮುಂದೊಂದು ದಿನ ಸರ್ಕಾರಿ ಆದೇಶವೊಂದರಿಂದ ಹಲ್ಲು ಕೀಳಲಾಗದಂತೆ ಕಾಯ್ದೆಯಲ್ಲೇ ಭದ್ರಪಡಿಸಬೇಕು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ರಚಿಸಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡದ್ದನ್ನೂ, ಅದನ್ನು ಮರಳಿ ಕೊಡಿಸಲು 2022ರಲ್ಲಿ ಹೈಕೋರ್ಟೇ ಮಧ್ಯಪ್ರವೇಶಿಸಬೇಕಾದದ್ದನ್ನೂ ಈ ರಾಜ್ಯ ಕಂಡಿದೆ.

ಹೊಸ ಅಪರಾಧ ಕಾನೂನುಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ. 15 ದಿನಗಳ ಪೊಲೀಸ್ ಕಸ್ಟಡಿಯನ್ನು ಈಗ ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ಪಡೆಯಲು ಅವಕಾಶವಿದೆ. ಅಂದರೆ ಒಬ್ಬ ಮನುಷ್ಯನ ಮೇಲೆ ಪೊಲೀಸರ ಹಿಡಿತ ಮೊದಲಿಗಿಂತ ಹೆಚ್ಚು ಕಾಲ ಚಾಚಿಕೊಂಡಿದೆ. ಅಧಿಕಾರ ಹೆಚ್ಚಿದಾಗ ಉತ್ತರದಾಯಿತ್ವವೂ ಅದಕ್ಕೆ ತಕ್ಕಂತೆ ಹೆಚ್ಚಬೇಕು. ನಮ್ಮಲ್ಲಿ ಮೊದಲನೆಯದಾಗಿದೆ, ಎರಡನೆಯದಾಗಿಲ್ಲ. ಕಳ್ಳತನವಾದಾಗ, ಅಪಘಾತವಾದಾಗ, ಹೆಣ್ಣುಮಗಳೊಬ್ಬಳು ಮನೆಯಲ್ಲಿ ಏಟು ತಿಂದಾಗ ಜನ ಮೊದಲು ಹೋಗಬೇಕಾದ ಜಾಗ ಠಾಣೆ. ಅಲ್ಲಿಗೆ ಹೋಗಲು ಹೆದರುವ ಸಮಾಜದಲ್ಲಿ ಸಾಕ್ಷಿ ಹೇಳುವವರು ಸಿಗುವುದಿಲ್ಲ, ಮಾಹಿತಿ ಬರುವುದಿಲ್ಲ, ಅಪರಾಧ ಸಾಬೀತಾಗುವುದಿಲ್ಲ. ಮಾಹಿತಿ ಸಿಗದ ಪೊಲೀಸರು ಮತ್ತೆ ಲಾಠಿಗೇ ಮೊರೆಹೋಗುತ್ತಾರೆ. ಈ ಸುತ್ತನ್ನು ಮುರಿಯಲು ಇರುವ ದಾರಿ, ಠಾಣೆಯ ಮೇಲಿನ ದೂರನ್ನು ಠಾಣೆಯ ಹೊರಗಿನವರು ಕೇಳುವುದು. ಸುಪ್ರೀಂ ಕೋರ್ಟ್ ಅದನ್ನು 2006ರಲ್ಲೇ ಹೇಳಿದೆ, ನಮ್ಮ ಶಾಸನಸಭೆ 2012ರಲ್ಲಿ ಅರ್ಧ ಒಪ್ಪಿದೆ. ಉಳಿದರ್ಧವನ್ನು ಒಪ್ಪಿಸುವ ಕೆಲಸ ಮತದಾರರದು. ಓಟು ಕೇಳಲು ಬರುವ ಪ್ರತಿ ಅಭ್ಯರ್ಥಿಗೂ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಬೇಕು: ನಮ್ಮ ಜಿಲ್ಲೆಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ಸ್ವಂತ ತನಿಖಾಧಿಕಾರಿಗಳನ್ನು ಎಂದು ಕೊಡುತ್ತೀರಿ?